ಟಿಕೆಟ್ ಕೊಟ್ಟವರೇ, ಕೆಳಗಿನ ಕಾಮೆಂಟ್ ಓದಿದ್ದೀರಾ?

ರಾಜ್ಯದ ಮೂರೂ ದೊಡ್ಡ ಪಕ್ಷಗಳ ಅಧ್ಯಕ್ಷರಿಗೆ ಮತ್ತು ಅವರ ಸಾಮಾಜಿಕ ಜಾಲತಾಣ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ.

ನಾನು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿ ಇಟ್ಟುಕೊಂಡವನು. ಮದುವೆ ಕಾರ್ಡು, ಶ್ರದ್ಧಾಂಜಲಿ ಬ್ಯಾನರು, ನಿಮ್ಮ ಹುಟ್ಟುಹಬ್ಬಕ್ಕೆ ಬಸ್ ನಿಲ್ದಾಣದ ಎದುರು ಏಳುವ ಕಟೌಟು, ಎಲ್ಲವೂ ನನ್ನ ಅಂಗಡಿಯದ್ದೇ. ಮೂರೂ ಪಕ್ಷದವರು ನನ್ನ ಗಿರಾಕಿಗಳು. ಬೆಳಿಗ್ಗೆ ಒಬ್ಬರ ಫೋಟೊದ ಹಿನ್ನೆಲೆ ತೆಗೆದರೆ ಮಧ್ಯಾಹ್ನ ಅವರ ಎದುರಾಳಿಯದು. (ಫ್ಲೆಕ್ಸ್ ನಿಷೇಧದ ವಿಷಯ ಇನ್ನೊಂದು ಪತ್ರಕ್ಕೆ ಇರಲಿ. ಅದರಲ್ಲೂ ನಾವು ನೀವು ಪಾಲುದಾರರೇ.)

ಕೆಲವು ವರ್ಷಗಳಿಂದ ಫ್ಲೆಕ್ಸಿನ ಜೊತೆ ಇನ್ನೊಂದು ಕೆಲಸವೂ ಅಂಟಿಕೊಂಡಿದೆ. ಚುನಾವಣೆ ಬಂದರೆ ಅಭ್ಯರ್ಥಿಯ ಫೇಸ್‌ಬುಕ್ ಪೇಜು, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಗುಂಪು ನೋಡಿಕೊಳ್ಳುವುದು. ಹೀಗೆ ಒಂದು ಚುನಾವಣೆಯಲ್ಲಿ ಒಬ್ಬ ಮಹಿಳಾ ಅಭ್ಯರ್ಥಿಯ ಪೇಜು ನನ್ನ ಕೈಗೆ ಬಂತು. ವರ್ಷ, ಕ್ಷೇತ್ರ, ಪಕ್ಷ ಯಾವುದನ್ನೂ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಇಬ್ಬರು ನಕ್ಕು ಪತ್ರ ಪಕ್ಕಕ್ಕಿಡುತ್ತೀರಿ, ಮೂರನೆಯವರು ನಾನು ಯಾರೆಂದು ಹುಡುಕಲು ಹುಡುಗರನ್ನು ಬಿಡುತ್ತೀರಿ. ಅವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಎರಡು ಅವಧಿ ತಾಲ್ಲೂಕು ಪಂಚಾಯಿತಿಯಲ್ಲಿ ಕೂತು ಬಂದವರು. ಯಾವ ಹಳ್ಳಿಯ ಯಾವ ಟ್ರಾನ್ಸ್‌ಫಾರ್ಮರ್ ಯಾವಾಗ ಸುಟ್ಟಿತು ಎಂಬುದು ಬಾಯಲ್ಲೇ ಇರುತ್ತಿತ್ತು.

ಹಗಲು ಫೋಟೊ, ವಿಡಿಯೊ ಹಾಕುವುದು. ರಾತ್ರಿ ಹತ್ತರ ಮೇಲೆ ಕಸ ಗುಡಿಸುವುದು. ಕಾಮೆಂಟು ತೆಗೆಯುವ ಕೆಲಸಕ್ಕೆ ನಾವಿಟ್ಟುಕೊಂಡಿದ್ದ ಹೆಸರೇ ಅದು.

ಒಂದು ದಿನದ್ದು ಹೇಳುತ್ತೇನೆ. ಸಂತೆ ದಿನ ಪ್ರಚಾರ ಮುಗಿಸಿ ಅಕ್ಕ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ತಿಂದರು. ಜೊತೆಗೆ ಹತ್ತು ಹದಿನೈದು ಜನ ಕಾರ್ಯಕರ್ತರು. ನಾನು ಫೋಟೊ ಹಾಕಿದೆ. ನಾಲ್ಕು ದಿನದ ಹಿಂದೆ ಅದೇ ಅಂಗಡಿಯ ಅದೇ ಬೆಂಚಿನ ಮೇಲೆ ಅವರ ಎದುರಾಳಿ ಕೂತು ಅದೇ ಮಿರ್ಚಿ ತಿಂದಿದ್ದರು, ಅವರ ಪೇಜಿನಲ್ಲೂ ಫೋಟೊ ಬಂದಿತ್ತು. ಅವರ ಫೋಟೊದ ಕೆಳಗೆ: ಸರಳ ಸಜ್ಜನ ನಾಯಕ. ನಮ್ಮ ಅಣ್ಣ ನಮ್ಮ ಹೆಮ್ಮೆ. ಮಿರ್ಚಿ ದುಡ್ಡು ಕೊಟ್ರಾ ಸಾರ್? ಕೊನೆಯದು ಒಳ್ಳೆಯ ಪ್ರಶ್ನೆ, ನನಗೆ ನಗು ಬಂತು. ಅಕ್ಕನ ಫೋಟೊದ ಕೆಳಗೆ: ಮನೇಲಿ ಒಲೆ ಹಚ್ಚಲ್ವಾ ಮೇಡಂ? ಅಷ್ಟು ಗಂಡಸರ ಮಧ್ಯೆ ಕೂತು ತಿನ್ನೋಕೆ ನಾಚಿಕೆ ಆಗಲ್ವಾ? ಆಂಟಿ ಖಾರ ಜಾಸ್ತಿ. ಗಂಡ ಎಲ್ಲಿ? ಈ ವಯಸ್ಸಲ್ಲಿ ಆ ಬಣ್ಣದ ಸೀರೆ ಬೇಕಿತ್ತಾ? ಇವು ಪತ್ರದಲ್ಲಿ ಬರೆಯಬಹುದಾದವು. ಉಳಿದವನ್ನು ನೀವೇ ಊಹಿಸಿ. ಊಹೆ ಯಾಕೆ, ನಿಮ್ಮ ಫೋನಿನಲ್ಲೇ ಇರುತ್ತವೆ.

ಅದರ ಮರುದಿನ ಅಕ್ಕ ಕಾಲುವೆಯ ಕೊನೆ ಭಾಗಕ್ಕೆ ಹೋಗಿ ಒಣಗಿದ ಭತ್ತದ ಗದ್ದೆಯಲ್ಲಿ ನಿಂತು ಆರು ನಿಮಿಷ ಮಾತಾಡಿದರು. ಮೇಲಿನವರು ಪಂಪ್‌ಸೆಟ್ ಇಟ್ಟು ನೀರೆತ್ತುವುದು, ತೂಬು ಮುರಿದಿರುವುದು, ಎಷ್ಟು ದಿನಕ್ಕೊಮ್ಮೆ ಸರದಿ ಬಿಡಬೇಕಿತ್ತು ಎಂಬುದು, ಎಲ್ಲ ಲೆಕ್ಕ ಸಮೇತ. ನಮ್ಮ ಕಡೆ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ. ಅದರ ಕೆಳಗೆ ಒಬ್ಬನಾದರೂ ತೂಬಿನ ಬಗ್ಗೆ ಜಗಳ ತೆಗೆಯುತ್ತಾನೆ, ನಿಮ್ಮ ಸರ್ಕಾರ ಇದ್ದಾಗ ಏನು ಕಿಸಿದ್ರಿ ಅನ್ನುತ್ತಾನೆ ಎಂದು ಕಾದೆ. ಬಂದ ಮೊದಲ ಕಾಮೆಂಟು: ಸೆರಗು ಸರಿ ಮಾಡ್ಕೊಳ್ಳಿ.

ನಿಮಗೆ ಬರೆಯಬೇಕು ಅನ್ನಿಸಿದ್ದು ಬೈಗುಳಕ್ಕಾಗಿ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ರಾಜಕೀಯಕ್ಕೆ ಇಳಿದವರು ಬೈಸಿಕೊಳ್ಳಬೇಕು. ಗಂಡಸರೂ ಬೈಸಿಕೊಳ್ಳುತ್ತಾರೆ. ಕಳ್ಳ, ಕಮಿಷನ್ ಗಿರಾಕಿ, ಪಕ್ಷಾಂತರಿ ಎಂದೆಲ್ಲ ಅನ್ನಿಸಿಕೊಳ್ಳುತ್ತಾರೆ. ಆದರೆ ಆ ಬೈಗುಳಗಳನ್ನು ಒಮ್ಮೆ ನೋಡಿ. ಒಂದೊಂದೂ ಅವರ ಕೆಲಸಕ್ಕೆ, ದುಡ್ಡಿಗೆ, ಅಧಿಕಾರಕ್ಕೆ ಅಂಟಿಕೊಂಡಿರುತ್ತದೆ. ಗಂಡಸಿಗೆ ಟಿಕೆಟ್ ಸಿಕ್ಕರೆ ಎಷ್ಟು ಕೋಟಿ ಕೊಟ್ಟ ಎಂದು ಕೇಳುತ್ತಾರೆ. ಹೆಂಗಸಿಗೆ ಸಿಕ್ಕರೆ ಹೇಗೆ ಸಿಕ್ತು ಅಂತ ಎಲ್ಲರಿಗೂ ಗೊತ್ತು ಅನ್ನುತ್ತಾರೆ, ಪಕ್ಕದಲ್ಲಿ ಒಂದು ಕಣ್ಣು ಹೊಡೆಯುವ ಎಮೋಜಿ. ಕೋಟಿಯ ಆರೋಪಕ್ಕೆ ಉತ್ತರ ಕೊಡಬಹುದು, ಆಸ್ತಿ ವಿವರ ಅಫಿಡವಿಟ್ಟಿನಲ್ಲಿ ಇದೆ ನೋಡಿ ಅನ್ನಬಹುದು. ಆ ಎಮೋಜಿಗೆ ಏನಂತ ಉತ್ತರ ಕೊಡುತ್ತೀರಿ?

ಮಂಡ್ಯ ನೆನಪಿದೆಯಲ್ಲ, 2019ರ ಲೋಕಸಭಾ ಚುನಾವಣೆಯದು. ಒಂದು ಕಡೆ ಜೆಡಿಎಸ್ಸಿನ ನಿಖಿಲ್ ಕುಮಾರಸ್ವಾಮಿ, ಇನ್ನೊಂದು ಕಡೆ ಪಕ್ಷೇತರರಾಗಿ ಸುಮಲತಾ ಅಂಬರೀಶ್. ಆ ಚುನಾವಣೆಯಲ್ಲಿ ನಿಖಿಲ್ ಅವರನ್ನು ಜಾಲತಾಣದಲ್ಲಿ ಗೇಲಿ ಮಾಡಿದಷ್ಟು ಯಾರನ್ನೂ ಮಾಡಿರಲಿಕ್ಕಿಲ್ಲ. ಸಿನಿಮಾ ಕಾರ್ಯಕ್ರಮವೊಂದರಲ್ಲಿ ತಂದೆ ವೇದಿಕೆಯಿಂದ ಕೂಗಿದ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ಒಂದು ಮಾತು ನಾಡೆಲ್ಲ ಸುತ್ತಿತು. ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲೂ ಅದೇ. ಮುಜುಗರ ಆಗಿರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಗೇಲಿಯ ಒಳಗೆ ಒಂದು ರಾಜಕೀಯ ಪ್ರಶ್ನೆ ಇತ್ತು: ಅಪ್ಪ ಮುಖ್ಯಮಂತ್ರಿ ಎಂಬ ಕಾರಣಕ್ಕೆ ಮಗ ಸಂಸದ ಆಗಬೇಕಾ? ಅದು ಕೇಳಬೇಕಾದ ಪ್ರಶ್ನೆಯೇ.

ಸುಮಲತಾ ಅವರ ಪಾಲಿಗೆ ಬಂದದ್ದು ಬೇರೆ. ಅಂಬರೀಶ್ ತೀರಿಕೊಂಡದ್ದು 2018ರ ನವೆಂಬರ್ 24ರಂದು. ಗಂಡ ಸತ್ತು ಇನ್ನೂ ಎಷ್ಟು ದಿನ ಆಯ್ತು, ಆಗಲೇ ರಾಜಕೀಯ ಬೇಕಿತ್ತಾ ಎಂಬರ್ಥದ ಮಾತು ಆಗ ಸಚಿವರಾಗಿದ್ದ ಎಚ್.ಡಿ. ರೇವಣ್ಣ ಅವರಿಂದಲೇ ಬಂತು. ವೇದಿಕೆಯ ಮಾತು ಅಲ್ಲಿಗೇ ನಿಲ್ಲುವುದಿಲ್ಲ, ನನಗಿಂತ ಚೆನ್ನಾಗಿ ನಿಮಗೇ ಗೊತ್ತು. ಅರ್ಧ ಗಂಟೆಯಲ್ಲಿ ಅದು ಕ್ಲಿಪ್ ಆಗುತ್ತದೆ, ಸಂಜೆಯೊಳಗೆ ಸ್ಟೇಟಸ್ ಆಗುತ್ತದೆ. ದೊಡ್ಡವರು ಒಂದು ಮಾತು ಆಡಿದರೆ ಹುಡುಗರಿಗೆ ನೂರು ಮಾತಿಗೆ ಪರವಾನಗಿ ಸಿಕ್ಕಂತೆ. ಆಕೆ ಗೌಡ್ತಿಯೋ ನಾಯ್ಡುವೋ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಹೆಣ್ಣಿನ ಜಾತಿ ಯಾವುದು, ಅಪ್ಪನದೋ ಗಂಡನದೋ, ಗಂಡ ಸತ್ತ ಮೇಲೆ ಯಾವುದು? ಸಂಸತ್ತಿನಲ್ಲಿ ಕಾವೇರಿಯ ಬಗ್ಗೆ ಮಾತಾಡಲು ಬರುತ್ತದೆಯೇ ಎಂದು ಕೇಳಬೇಕಾದವರು ಕೇಳಿದ್ದು ಇದನ್ನು. ಅದೂ ಸಾಲದೆಂಬಂತೆ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಅದೇ ಮತಯಂತ್ರದಲ್ಲಿದ್ದರು. ಆಕೆ 1,25,876 ಮತಗಳಿಂದ ಗೆದ್ದರು. ಗೆದ್ದರಲ್ಲ, ಇನ್ನೇನು ಕಷ್ಟ ಎಂದು ನಿಮ್ಮ ಪಕ್ಷದ ಒಬ್ಬರು ನನ್ನ ಅಂಗಡಿಯಲ್ಲೇ ಕೂತು ಚಹಾ ಕುಡಿಯುತ್ತಾ ಕೇಳಿದರು. ಸಿನಿಮಾದಿಂದ ಮನೆಮಾತಾದ ಹೆಸರು, ಹಿಂದೆ ನಿಂತ ಅಷ್ಟು ದೊಡ್ಡ ಅಭಿಮಾನಿ ಬಳಗ ಇದ್ದವರು ತಡೆದುಕೊಂಡರು ಸ್ವಾಮಿ. ನಮ್ಮ ಅಕ್ಕನ ಹಿಂದೆ ಇದ್ದವನು ನಾನೊಬ್ಬ, ರಾತ್ರಿ ಪಾಳಿಯಲ್ಲಿ.

ಅದೇ 2019ರ ಚುನಾವಣೆಯ ಹೊತ್ತಿನಲ್ಲಿ, ಮಾರ್ಚಿನಿಂದ ಮೇವರೆಗೆ, ಆಮ್ನೆಸ್ಟಿ ಎಂಬ ಮಾನವ ಹಕ್ಕು ಸಂಸ್ಥೆಯವರು ದೇಶದ 95 ಮಹಿಳಾ ರಾಜಕಾರಣಿಗಳನ್ನು ಉದ್ದೇಶಿಸಿ ಬಂದ ಟ್ವೀಟುಗಳಲ್ಲಿ 1,14,716 ಟ್ವೀಟುಗಳನ್ನು ತೆಗೆದು ಪರಿಶೀಲಿಸಿದ್ದರು. ಅವುಗಳಲ್ಲಿ ಶೇ 13.8ರಷ್ಟು, ಅಂದರೆ ಏಳರಲ್ಲಿ ಒಂದು, ನಿಂದನೆಯದು ಅಥವಾ ಆಕ್ಷೇಪಾರ್ಹವಾದದ್ದು. ಮುಸ್ಲಿಂ ಮಹಿಳೆಯರಿಗೆ ಧರ್ಮ ಹಿಡಿದು, ಅಂಚಿಗೆ ತಳ್ಳಿದ ಜಾತಿಗಳ ಮಹಿಳೆಯರಿಗೆ ಜಾತಿ ಹಿಡಿದು ಬಂದ ನಿಂದನೆ ಉಳಿದವರಿಗಿಂತ ಹೆಚ್ಚು. ಅದು ಟ್ವಿಟರ್ (ಈಗಿನ ಎಕ್ಸ್), ಆಗ ಬಾಗಿಲು ತೆರೆದಿಟ್ಟ ಚಾವಡಿ, ಯಾರು ಬೇಕಾದರೂ ಬಂದು ಎಣಿಸಬಹುದಿತ್ತು. ನಮ್ಮೂರಿನ ಚುನಾವಣೆ ನಡೆಯುವುದು ವಾಟ್ಸ್‌ಆ್ಯಪ್‌ನಲ್ಲಿ. ಅಲ್ಲಿ ಎಣಿಸಲು ಯಾರನ್ನೂ ಒಳಗೆ ಬಿಡುವುದಿಲ್ಲ.

ಇನ್ನು ನನ್ನ ಕಸಬರಿಗೆಯ ಕಥೆ. ಪೇಜಿಗೆ ಒಂದು ಸೌಲಭ್ಯ ಇದೆ. ಬೇಡದ ಪದಗಳ ಪಟ್ಟಿ ಕೊಟ್ಟರೆ ಆ ಪದ ಇರುವ ಕಾಮೆಂಟು ತಾನಾಗಿಯೇ ಮರೆಯಾಗುತ್ತದೆ. ಒಂದು ರಾತ್ರಿ ಕೂತು ಪಟ್ಟಿ ಮಾಡಿದೆ. ನಮ್ಮ ಭಾಷೆ ಇಷ್ಟು ಶ್ರೀಮಂತ ಎಂದು ಅಂದೇ ಗೊತ್ತಾದದ್ದು. ಹೆಂಗಸನ್ನು ಬೈಯಲು ಒಂದು ಪುಟ ಪದ ಸಿಕ್ಕವು, ಗಂಡಸನ್ನು ಬೈಯುವ ಪದಗಳಲ್ಲೂ ಅರ್ಧಕ್ಕರ್ಧ ಅವನ ತಾಯಿ, ಅಕ್ಕತಂಗಿಯರನ್ನು ಬೈಯುವಂಥವೇ. ಪಟ್ಟಿ ಹಾಕಿದ ಮರುದಿನ ಅದೇ ಪದಗಳು ಇಂಗ್ಲಿಷ್ ಅಕ್ಷರದಲ್ಲಿ ಬಂದವು. ಅವನ್ನೂ ಸೇರಿಸಿದೆ. ನಡುವೆ ಚುಕ್ಕೆ ಇಟ್ಟು ಬಂದವು. ಆಮೇಲೆ ನಕ್ಷತ್ರ, ಆಮೇಲೆ ಅಕ್ಷರದ ಬದಲು ಸೊನ್ನೆ. ಒಂದೇ ಬೈಗುಳಕ್ಕೆ ಹನ್ನೊಂದು ಕಾಗುಣಿತ ನನ್ನ ಪಟ್ಟಿಯಲ್ಲಿದೆ. ಶಾಲೆಯಲ್ಲಿ ಈ ಹುಡುಗರಿಗೆ ಒಂದು ಕಾಗುಣಿತವೂ ನೆಟ್ಟಗೆ ಬರುತ್ತಿರಲಿಲ್ಲ ಎಂಬುದನ್ನು ನಾನು ಬಲ್ಲೆ, ಕೆಲವರು ನನ್ನ ಜೊತೆಗೇ ಓದಿದವರು. ಕಂಪನಿಗೆ ದೂರು ಕೊಟ್ಟರೆ, ನಾವು ಪರಿಶೀಲಿಸಿದ್ದೇವೆ, ಇದು ನಮ್ಮ ನಿಯಮಗಳನ್ನು ಉಲ್ಲಂಘಿಸುವುದಿಲ್ಲ ಎಂಬ ಉತ್ತರ ಬರುತ್ತಿತ್ತು. ಕನ್ನಡ ಬಾರದ ಯಾರೋ ಅಥವಾ ಯಾವುದೋ ಯಂತ್ರ ಓದಿದೆ ಎಂದುಕೊಂಡೆ. ಖಾರ ಜಾಸ್ತಿ ಎಂಬುದರಲ್ಲಿ ಏನು ತಪ್ಪಿದೆ ಎಂದು ಅದಕ್ಕೆ ಹೇಗೆ ತಿಳಿಯಬೇಕು!

ಈ ‘ಗಂಡ ಎಲ್ಲಿ’ ಎಂಬುದು ದಿನಾ ಹತ್ತಾರು ಸಲ ಬರುತ್ತಿತ್ತು. ಅಕ್ಕನ ಗಂಡ ಊರಲ್ಲೇ ಇದ್ದರು, ಅಡಿಕೆ ವ್ಯಾಪಾರ, ಕ್ಯಾಮೆರಾ ಕಂಡರೆ ದೂರ ಸರಿಯುವ ಮನುಷ್ಯ. ರೋಸಿಹೋಗಿ ಗಂಡ ಎಂಬ ಪದವನ್ನೇ ಪಟ್ಟಿಗೆ ಸೇರಿಸಿಬಿಟ್ಟೆ. ಎರಡು ದಿನ ನೆಮ್ಮದಿಯಾಗಿತ್ತು. ಮೂರನೇ ದಿನ ಮರೆಯಾದ ಕಾಮೆಂಟುಗಳನ್ನು ತೆರೆದು ನೋಡುತ್ತಾ ಹೋದರೆ ಒಂದು ಹೀಗಿತ್ತು: ‘ಮೇಡಂ ನನ್ನ ಗಂಡ ತೀರಿ ಎರಡು ವರ್ಷ ಆಯ್ತು ವಿಧವಾ ವೇತನ ಇನ್ನೂ ಬಂದಿಲ್ಲ ಮೂರು ಸಲ ಅರ್ಜಿ ಕೊಟ್ಟೀನಿ ಸ್ವಲ್ಪ ನೋಡ್ರಿ.’ ಆ ಪೇಜಿಗೆ ಇಡೀ ಚುನಾವಣೆಯಲ್ಲಿ ಬಂದ ಕೆಲವೇ ನಿಜವಾದ ಮಾತುಗಳಲ್ಲಿ ಅದೊಂದು. ಅದನ್ನು ನಾನೇ ಮುಚ್ಚಿದ್ದೆ.

ಅಧ್ಯಕ್ಷರೇ, ನಿಂದನೆ ಮಾಡುವ ದೊಡ್ಡ ಹಾನಿ ಇದು. ಅಭ್ಯರ್ಥಿಗೆ ನೋವಾಗುತ್ತದೆ, ಅದು ಸರಿ. ಆದರೆ ಆ ಗಲೀಜಿನಿಂದ ತಪ್ಪಿಸಿಕೊಳ್ಳಲು ಆಕೆ ಬಾಗಿಲು ಹಾಕಿಕೊಂಡಾಗ ಹೊರಗೆ ಉಳಿಯುವವರು ಯಾರು? ಆಮೇಲಾಮೇಲೆ ನಾವು ಕಾಮೆಂಟನ್ನೇ ಬಂದ್ ಮಾಡಿದೆವು. ಕೂಡಲೇ ‘ಜನರ ಪ್ರಶ್ನೆಗೆ ಹೆದರಿ ಓಡಿದ ಮೇಡಂ’ ಎಂದು ಇನ್ನೊಂದು ಪೋಸ್ಟರ್ ಬಂತು.

ದಾವಣಗೆರೆಯದನ್ನೂ ಹೇಳಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ ಎದುರುಬದುರು ನಿಂತವರು ಇಬ್ಬರೂ ಮಹಿಳೆಯರು, ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ, ಕಾಂಗ್ರೆಸ್ಸಿನಿಂದ ಪ್ರಭಾ ಮಲ್ಲಿಕಾರ್ಜುನ. ಯಾರು ಗೆದ್ದರೂ ಒಬ್ಬ ಮಹಿಳೆ ಸಂಸತ್ತಿಗೆ ಹೋಗುವುದು ಖಚಿತ ಎಂಬಂತಿದ್ದ ಕಣ. ಅಲ್ಲಿ ಆಗ ಕಾಂಗ್ರೆಸ್ಸಿನ ಹಿರಿಯ ಶಾಸಕರಾಗಿದ್ದ ಶಾಮನೂರು ಶಿವಶಂಕರಪ್ಪನವರು ಎದುರು ಪಕ್ಷದ ಅಭ್ಯರ್ಥಿ ಅಡುಗೆ ಮಾಡಲಷ್ಟೇ ಲಾಯಕ್ಕು ಎಂಬ ಮಾತಾಡಿದರು. ಅವರ ಪಕ್ಷದ ಅಭ್ಯರ್ಥಿ ಅವರದ್ದೇ ಮನೆಯ ಸೊಸೆ. ಒಂದು ಮನೆಯ ಸೊಸೆ ದಿಲ್ಲಿಗೆ ಹೋಗಬಹುದಾದರೆ ಇನ್ನೊಂದು ಮನೆಯ ಸೊಸೆಗೆ ಅಡುಗೆಮನೆ ಯಾಕೆ ಎಂಬುದು ಆ ಮಾತನ್ನು ಹಂಚಿಕೊಂಡು ನಕ್ಕ ಯಾರಿಗೂ ಹೊಳೆಯಲಿಲ್ಲ. ಪ್ರಭಾ ಸುಮಾರು 26 ಸಾವಿರ ಮತಗಳಿಂದ ಗೆದ್ದರು. (ನನ್ನ ತಾಯಿ ಇಪ್ಪತ್ತು ವರ್ಷ ಖಾನಾವಳಿ ನಡೆಸಿ ನನ್ನನ್ನು ಓದಿಸಿದಳು. ದಿನಕ್ಕೆ ಇನ್ನೂರು ರೊಟ್ಟಿ, ಉದ್ರಿ ಲೆಕ್ಕ ಎಲ್ಲ ತಲೆಯಲ್ಲೇ. ಒಂದು ಇಲಾಖೆ ಕೊಟ್ಟಿದ್ದರೆ ನಡೆಸುತ್ತಿದ್ದಳು. ಅಡುಗೆ ಯಾವಾಗ ಬೈಗುಳ ಆಯ್ತೋ ತಿಳಿಯದು.)

ಬಿಜೆಪಿಯವರು ಆಗ ಆಯೋಗಕ್ಕೆ ದೂರು ಕೊಟ್ಟರು, ಸರಿಯಾಗಿಯೇ ಮಾಡಿದರು. ಅದೇ ದಿನಗಳಲ್ಲಿ, 2024ರ ಮಾರ್ಚ್ 27ರಂದು, ಚುನಾವಣಾ ಆಯೋಗ ಎರಡು ನೋಟಿಸು ಕೊಟ್ಟಿತು. ಒಂದು ಮಮತಾ ಬ್ಯಾನರ್ಜಿ ಬಗ್ಗೆ ಆಡಿದ ಮಾತಿಗೆ ಬಿಜೆಪಿಯ ದಿಲೀಪ್ ಘೋಷ್ ಅವರಿಗೆ, ಇನ್ನೊಂದು ಕಂಗನಾ ರನೌತ್ ಬಗ್ಗೆ ಬಂದ ಪೋಸ್ಟಿಗೆ ಕಾಂಗ್ರೆಸ್ಸಿನ ಸುಪ್ರಿಯಾ ಶ್ರೀನೇತ್ ಅವರಿಗೆ. ಶ್ರೀನೇತ್ ಅವರೇ ಆಗ ಪಕ್ಷದ ಸಾಮಾಜಿಕ ಜಾಲತಾಣ ವಿಭಾಗದ ಮುಖ್ಯಸ್ಥರು. ಖಾತೆ ಬಳಸುವ ಬೇರೆ ಯಾರೋ ಹಾಕಿದ್ದು ಎಂದರು. ಆ ‘ಬೇರೆ ಯಾರೋ’ ನನ್ನ ಕಸುಬಿನವನೇ, ಹಾಗಾಗಿ ಆ ಸಮಜಾಯಿಷಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮೇಲಿನವರಿಗೆ ಏನು ಇಷ್ಟ ಎಂಬುದು ತಿಳಿಯದೆ ಆ ಯಾರೋ ಏನನ್ನೂ ಹಾಕುವುದಿಲ್ಲ ಎಂಬುದೂ ಅಷ್ಟೇ ಅರ್ಥವಾಗುತ್ತದೆ. ಏಪ್ರಿಲಿನಲ್ಲಿ ಹೇಮಮಾಲಿನಿಯವರ ಬಗೆಗಿನ ಮಾತಿಗೆ ಕಾಂಗ್ರೆಸ್ಸಿನ ರಣದೀಪ್ ಸುರ್ಜೇವಾಲಾ 48 ಗಂಟೆ ಪ್ರಚಾರದಿಂದ ಹೊರಗಿರಬೇಕಾಯಿತು. ಮಂಡ್ಯದ ಮಾತು ಜೆಡಿಎಸ್ಸಿನದು. ಅಲ್ಲಿಗೆ ಮೂವರ ಲೆಕ್ಕವೂ ಸರಿಹೋಯಿತು. ನಿಮ್ಮ ಮೂವರಲ್ಲಿ ಯಾರಿಗೂ ಹೆಣ್ಣಿನ ಮಾನ ಬೇಡವೆಂದಲ್ಲ. ಬೇಕು, ಆದರೆ ಆಕೆ ನಿಮ್ಮ ಪಕ್ಷದವಳಾಗಿರಬೇಕು, ಬೈದವನು ಎದುರು ಪಕ್ಷದವನಾಗಿರಬೇಕು.

ಆಯೋಗ ಇದೆಯಲ್ಲ, ಅವರಿಗೆ ಬರೆ, ನಮಗ್ಯಾಕೆ ಅನ್ನಬಹುದು. ಆ ಬಾಗಿಲನ್ನೂ ತಟ್ಟಿ ನೋಡಿದ್ದೇನೆ. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಟೀಕಿಸಬಾರದು, ಟೀಕೆ ಏನಿದ್ದರೂ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸದ ಮೇಲಿರಬೇಕು ಎಂದು ಮಾದರಿ ನೀತಿ ಸಂಹಿತೆಯ ಮೊದಲ ಭಾಗದಲ್ಲೇ ಇದೆ. ಅದನ್ನು ಮುರಿದವರ ಮೇಲೆ ದೂರಲು ಸಿ-ವಿಜಿಲ್ ಎಂಬ ಆ್ಯಪ್ ಇದೆ, ನೂರು ನಿಮಿಷದಲ್ಲಿ ಕ್ರಮ ಎನ್ನುತ್ತಾರೆ. ಹೆಂಡ, ಸೀರೆ ಹಂಚಿದರೆ ಅದು ಒಳ್ಳೆಯ ಅಸ್ತ್ರ. ಆದರೆ ಅದರಲ್ಲಿ ಆಗಲೇ, ಅಲ್ಲೇ ನಿಂತು ಫೋಟೊ, ವಿಡಿಯೊ ತೆಗೆಯಬೇಕು. ಮೊದಲೇ ಫೋನಿನಲ್ಲಿರುವ ಚಿತ್ರ ಹಾಕಲು ಬಿಡುವುದಿಲ್ಲ. ನನ್ನ ಹತ್ತಿರ ಇರುವುದೆಲ್ಲ ಸ್ಕ್ರೀನ್‌ಶಾಟು. ಜಾಹೀರಾತನ್ನಾದರೆ ಮಾಧ್ಯಮ ಸಮಿತಿ ಮೊದಲೇ ನೋಡಿ ಪ್ರಮಾಣೀಕರಿಸುತ್ತದೆ, ಫಾರ್ವರ್ಡನ್ನು ಯಾರು ಪ್ರಮಾಣೀಕರಿಸಬೇಕು? ತಿರುಚಿದ ವಿಡಿಯೊ ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆಯಿರಿ ಎಂದು ಆಯೋಗ 2024ರ ಮೇ ತಿಂಗಳಲ್ಲಿ ಪಕ್ಷಗಳಿಗೆ ಹೇಳಿತು. ಗಮನಿಸಿ, ಹೇಳಿದ್ದು ನಿಮಗೇ.

ಪೊಲೀಸರ ವಿಷಯಕ್ಕೆ ಬಂದರೆ, ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆಗೆ ಹಳೆಯ ದಂಡ ಸಂಹಿತೆಯ 509ನೇ ಸೆಕ್ಷನ್ ಇತ್ತು, ಈಗ ನ್ಯಾಯ ಸಂಹಿತೆಯ 79ನೇ ಸೆಕ್ಷನ್ ಇದೆ. ಹೋಗೋಣ ಅಂದೆ. ಅಕ್ಕ ತಲೆಯಾಡಿಸಿದರು. ‘ಕಂಪ್ಲೇಂಟ್ ಕೊಟ್ರೆ ಟಿವಿಯೋರು ಅದನ್ನೇ ದೊಡ್ಡದಾಗಿ ಓದ್ತಾರೆ ತಮ್ಮಾ. ಈಗ ಸಾವಿರ ಜನ ನೋಡ್ಯಾರೆ, ಆಮೇಲೆ ನಮ್ಮ ಅತ್ತೆನೂ ನೋಡ್ತಾರೆ.’ ಅಲ್ಲಿಗೆ ಮುಗಿಯಿತು.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಎಂಬುದಕ್ಕೆ ಬರುತ್ತೇನೆ. ಪ್ರಚಾರದ ಕೊನೆಯ ವಾರ ಒಂದು ಫೋಟೊ ಓಡಾಡಿತು. ಅಕ್ಕ ವೇದಿಕೆಯಲ್ಲಿ ಪಕ್ಷದ ಹಿರಿಯರೊಬ್ಬರ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿರುವುದು. ಮೈಕಿನ ಸದ್ದಿನಲ್ಲಿ ಹಾಗಲ್ಲದೆ ಹೇಗೆ ಮಾತಾಡುತ್ತಾರೆ? ಸುತ್ತಲಿನ ಒಂಬತ್ತು ಜನರನ್ನು ಕತ್ತರಿಸಿ ಇಬ್ಬರನ್ನೇ ಉಳಿಸಿ, ಕೆಂಪು ವೃತ್ತ ಎಳೆದು, ಮೇಲೊಂದು ಸಿನಿಮಾ ಹಾಡಿನ ಸಾಲು. ನಾನು ಡಿಸೈನು ಮಾಡುವವನು. ಆ ಕೆಂಪು, ಆ ಫಾಂಟು ಯಾರ ಕೈಯದು ಎಂದು ನೋಡಿದ ಕೂಡಲೇ ತಿಳಿಯಿತು. ಎರಡು ತಿಂಗಳ ಹಿಂದೆ ಆ ಹುಡುಗ ನನ್ನ ಅಂಗಡಿಗೆ ಬಂದು ವಿಸಿಟಿಂಗ್ ಕಾರ್ಡು ಮಾಡಿಸಿಕೊಂಡು ಹೋಗಿದ್ದ. ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ: ತಾಲ್ಲೂಕು ಸಂಚಾಲಕರು, ಸಾಮಾಜಿಕ ಜಾಲತಾಣ ವಿಭಾಗ. ಮೂಲೆಯಲ್ಲಿ ನಿಮ್ಮ ಫೋಟೊ, ಪಕ್ಷದ ಚಿಹ್ನೆ.

ಅಕ್ಕನ ಪಕ್ಷದ್ದೇ ಚಿಹ್ನೆ.

ಟಿಕೆಟ್ ತಪ್ಪಿದ ಇನ್ನೊಬ್ಬ ಆಕಾಂಕ್ಷಿಯ ಹುಡುಗ ಅವನು. ಹಗಲು ಅಕ್ಕನ ಜೀಪಿನ ಹಿಂದೆ ಬಾವುಟ ಹಿಡಿದು ಜೈಕಾರ ಕೂಗುತ್ತಿದ್ದ, ರಾತ್ರಿ ಈ ಕೆಲಸ. ಮರುದಿನ ಆ ಫೋಟೊ ಎದುರು ಪಕ್ಷದ ಗುಂಪಿಗೂ ಹೋಯಿತು, ಅವರು ಹಬ್ಬ ಮಾಡಿದರು. ನೂರಾರು ಜನ ಹಂಚಿದರು ನಿಜ, ಆದರೆ ಮೊದಲ ಬೆಂಕಿಕಡ್ಡಿ ಗೀರಿದ್ದು ಮನೆಯೊಳಗಿನವರು. ನನಗೆ ಅಂದಿನಿಂದ ಪ್ರತಿಯೊಂದು ಟ್ರೋಲಿನಲ್ಲೂ ಇದೇ ಅನುಮಾನ.

ನಾನೇನು ಸಾಚಾ ಅಲ್ಲ. ಬೇರೊಂದು ಚುನಾವಣೆಯಲ್ಲಿ, ಬೇರೊಂದು ಪಕ್ಷದವರು ಬಂದು ಒಬ್ಬ ಮಹಿಳಾ ಸದಸ್ಯೆಯ ಫೋಟೊ ಕೊಟ್ಟು, ಬಿಸಿಲಿಗೆ ಹುಬ್ಬು ಗಂಟಿಕ್ಕಿದ ಮುಖವನ್ನಷ್ಟೇ ದೊಡ್ಡದು ಮಾಡಿ ಬಜಾರಿ ಎಂದು ಬರೆದುಕೊಡು ಅಂದಾಗ ಬರೆದುಕೊಟ್ಟಿದ್ದೇನೆ. ಮುನ್ನೂರು ರೂಪಾಯಿ. ಕೆಲಸ ಅಂದುಕೊಂಡೆ. ಅಕ್ಕನಿಗೆ ನಾನೇ ಮಾಡಿದ ಮೊದಲ ಪೋಸ್ಟರಿನ ಸಾಲು ‘ನಿಮ್ಮ ಮನೆಮಗಳು, ಸೆರಗೊಡ್ಡಿ ಮತ ಬೇಡುತ್ತಿದ್ದಾಳೆ’. ಅಕ್ಕ ಅದನ್ನು ನೋಡಿ, ‘ಅವರಿಗೆ ಅಭಿವೃದ್ಧಿಯ ಹರಿಕಾರ ಅಂತೀಯ, ನನಗೆ ಮಾತ್ರ ಸೆರಗು ಯಾಕೆ? ಎರಡು ಸಲ ಗೆದ್ದೀನಿ, ಅದನ್ನ ಬರಿ’ ಅಂದರು. ಹೊಗಳುವಾಗ ನಾವೇ ಮಗಳು, ಸೊಸೆ, ತಾಯಿ ಎಂದು ಮನೆಯೊಳಗೆ ಕೂರಿಸಿದರೆ, ತೆಗಳುವವನು ಅದೇ ಮನೆಯೊಳಗೆ ನುಗ್ಗಿ ಗಂಡ ಎಲ್ಲಿ ಎಂದು ಕೇಳದೆ ಬಿಡುತ್ತಾನೆಯೇ? ನನಗದು ಆಗ ಹೊಳೆದಿರಲಿಲ್ಲ.

2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ 2,600ಕ್ಕೂ ಹೆಚ್ಚು ಅಭ್ಯರ್ಥಿಗಳಿದ್ದರು, ಅವರಲ್ಲಿ ಮಹಿಳೆಯರು ಇನ್ನೂರನ್ನೂ ಮುಟ್ಟಲಿಲ್ಲ. 224ರಲ್ಲಿ ಗೆದ್ದವರು ಹತ್ತು ಮಂದಿ. 2024ರಲ್ಲಿ 28 ಲೋಕಸಭಾ ಸ್ಥಾನಗಳಲ್ಲಿ ಮೂವರು. ಗೆಲ್ಲುವ ಮಹಿಳೆಯರು ಸಿಗುವುದಿಲ್ಲ ಎಂದು ನೀವು ಹೇಳುತ್ತಲೇ ಬಂದಿದ್ದೀರಿ. ಹತ್ತು ವರ್ಷ ಪಂಚಾಯಿತಿಯಲ್ಲಿ ಕೆಲಸ ಮಾಡಿ ಹೆಸರು ತೆಗೆದ ಎಷ್ಟು ಹೆಂಗಸರು ಈ ಗಲೀಜು ಬೇಡ ಎಂದು ಬಾಗಿಲಲ್ಲೇ ನಿಂತರು ಎಂಬುದನ್ನು ಯಾವ ಸಮೀಕ್ಷೆಯವರೂ ನಿಮಗೆ ತಂದುಕೊಡುವುದಿಲ್ಲ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಅವರದೇ. 2021ರಲ್ಲೇ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾವಣೆಯಲ್ಲಿ ನಿಲ್ಲುವ ಹೆಂಗಸರಿಗೆ ರಾತ್ರಿ ಕಸ ಗುಡಿಸಲು ನನ್ನಂಥವನೂ ಇರುವುದಿಲ್ಲ. ಊರಿನ ಗುಂಪಿನಲ್ಲಿ ಗಂಡ, ಮೈದುನ, ಮಗ, ಮಗನ ಸ್ನೇಹಿತರು ಎಲ್ಲರೂ ಇರುತ್ತಾರೆ, ಅಲ್ಲಿಗೇ ಬಂದು ಬೀಳುತ್ತದೆ. ಶಾಸನಸಭೆಗಳಲ್ಲಿ ಮೂರನೇ ಒಂದು ಪಾಲು ಎಂದು 2023ರಲ್ಲಿ ಸಂವಿಧಾನಕ್ಕೆ 106ನೇ ತಿದ್ದುಪಡಿಯೂ ಆಗಿದೆ. ಸೀಟು ಕಾಯ್ದಿರಿಸಬಹುದು. ಅದರಲ್ಲಿ ಬಂದು ಕೂರುವವರನ್ನು ಹೀಗೆ ಓಡಿಸಿದರೆ ಕೊನೆಗೆ ಕೂರುವವರು ನಿಮ್ಮ ನಿಮ್ಮ ಮನೆಯವರೇ.

ನಾನು ಕೇಳುವುದು ದೊಡ್ಡದೇನಲ್ಲ, ಹೊಸ ಕಾನೂನೂ ಬೇಡ. ಪಕ್ಷದ ಅಭ್ಯರ್ಥಿ ಎಂದು ಬರೆದುಕೊಡುವ ಬಿ-ಫಾರಂ ನಿಮ್ಮ ಕೈಲಿದೆ, ಪದಾಧಿಕಾರಿಗಳ ಪಟ್ಟಿ ನಿಮ್ಮ ಕೈಲಿದೆ. ಸಂಚಾಲಕ ಎಂದು ಆದೇಶಪತ್ರ ಕೊಡುವ ಮುಂಚೆ ಆ ಹುಡುಗನ ಮೂರು ತಿಂಗಳ ಪೋಸ್ಟು ನೋಡಿ, ನನ್ನಂಥ ಯಾವ ಡಿಟಿಪಿಯವನನ್ನು ಕೇಳಿದರೂ ಹೇಳುತ್ತಾನೆ. ಹೆಂಗಸಿನ ಸೆರಗು, ಗಂಡ, ಹಾಸಿಗೆಯ ಮೇಲೆ ಪೋಸ್ಟು ಹಾಕಿದವನ ಹುದ್ದೆ ಅದೇ ದಿನ ಹೋಗಬೇಕು, ಅದು ಎದುರು ಪಕ್ಷದ ಹೆಂಗಸಿನ ಮೇಲಾದರೂ ಸರಿ. ಎದುರು ಪಕ್ಷದ ಹೆಂಗಸಿನ ಮೇಲಾದರೆ ಇನ್ನೂ ಬೇಗ ಹೋಗಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಮೇಲೆ ಕೇಸು ನಿಲ್ಲುವುದಿಲ್ಲ ಎಂದು ಹೈಕೋರ್ಟುಗಳು ಹೇಳಿರುವುದನ್ನು ನನ್ನ ಗಿರಾಕಿಯೊಬ್ಬ ವಕೀಲರು ತಿಳಿಸಿದ್ದಾರೆ. ಇರಲಿ, ಕೋರ್ಟಿಗೆ ಸಾಕ್ಷಿ ಬೇಕು. ನಿಮಗೆ ಒಬ್ಬನನ್ನು ಗುಂಪಿನಿಂದ ತೆಗೆಯಲು ಒಂದು ಬೆರಳು ಸಾಕು. ನಿಮ್ಮ ವಿರುದ್ಧ ಒಂದು ಸಾಲು ಬರೆದವನನ್ನು ಎಷ್ಟು ಬೇಗ ತೆಗೆಯುತ್ತೀರಿ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು, ಮಹಿಳೆಗೆ ಟಿಕೆಟ್ ಕೊಟ್ಟಾಗ ಆ ಪೇಜು ನೋಡಿಕೊಳ್ಳಲು ಇಬ್ಬರು ತಿಳಿವಳಿಕೆಯುಳ್ಳವರನ್ನು ಪಕ್ಷದ ಖರ್ಚಿನಲ್ಲೇ ಕೊಡಿ, ಅವರಲ್ಲಿ ಒಬ್ಬಳಾದರೂ ಹೆಣ್ಣುಮಗಳಿರಲಿ. ಬೈಗುಳ ತೆಗೆಯುವುದಕ್ಕಿಂತ ಹೆಚ್ಚಾಗಿ, ಬೈಗುಳದ ರಾಶಿಯಲ್ಲಿ ಹೂತುಹೋದ ಪ್ರಶ್ನೆ ಹೆಕ್ಕಿ ತೆಗೆಯುವುದಕ್ಕೆ.

ಅಕ್ಕ ಸೋತರು. ಸೋಲಿಗೆ ಕಾರಣ ಕಾಮೆಂಟು ಎಂದು ನಾನು ಹೇಳುವುದಿಲ್ಲ, ದುಡ್ಡು, ಜಾತಿ, ಒಳಏಟು ಎಲ್ಲ ಇತ್ತು. ಎಣಿಕೆ ಮುಗಿದ ಮರುದಿನ ಆ ವಿಧವಾ ವೇತನದ ಕಾಮೆಂಟಿನ ಸ್ಕ್ರೀನ್‌ಶಾಟು ಕಳಿಸಿ, ತಪ್ಪಾಯಿತಕ್ಕಾ ಎಂದೆ. ಸೋತ ಮನೆಯಲ್ಲಿ ಅಂದು ಏನು ಪರಿಸ್ಥಿತಿ ಇರುತ್ತದೆ ಎಂಬುದು ನಿಮಗೆ ಗೊತ್ತು. ‘ಊರು ಯಾವುದು ಕೇಳು ತಮ್ಮಾ, ನಾಡಕಚೇರಿಯಲ್ಲಿ ಒಬ್ಬರು ಪರಿಚಯ ಇದ್ದಾರೆ’ ಅಂದರು. ಕೇಳಿದೆ. ಮೂರು ತಿಂಗಳಿಗೆ ಆ ಹೆಂಗಸಿಗೆ ವೇತನ ಬಂತು. ಈ ಸುದ್ದಿಯನ್ನು ನಾನು ಪೇಜಿನಲ್ಲಿ ಹಾಕಲಿಲ್ಲ. ಕೆಳಗೆ ಏನು ಬರುತ್ತದೆ ಎಂಬುದು ಗೊತ್ತಿತ್ತು.

ಆ ಪದಗಳ ಪಟ್ಟಿ ಇನ್ನೂ ನನ್ನ ಕಂಪ್ಯೂಟರಿನಲ್ಲಿದೆ, ಹನ್ನೊಂದು ಕಾಗುಣಿತ ಸಮೇತ. ಗಂಡ ಎಂಬುದನ್ನು ಅದರಿಂದ ತೆಗೆದಿದ್ದೇನೆ. ನಿಮ್ಮ ಮೂವರಲ್ಲಿ ಯಾರಿಗಾದರೂ ಬೇಕಿದ್ದರೆ ಜನ ಕಳಿಸಿ, ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ. ಹಾಗೆಯೇ ಆ ತಾಲ್ಲೂಕು ಸಂಚಾಲಕರ ವಿಸಿಟಿಂಗ್ ಕಾರ್ಡಿನ ಬಾಬ್ತು 450 ರೂಪಾಯಿ ಬಾಕಿ ಇದೆ. ಅದನ್ನು ಮಾತ್ರ ಕಳಿಸಿಕೊಡಿ.

ಇಂತಿ,
ನಿಮ್ಮ ಮೂವರ ಫೋಟೊಗಳಿಗೂ ಹಿನ್ನೆಲೆ ತೆಗೆದವನು